ಗೋಂದಮ್ಮನ ಹೂವು ಟೀ ಆದ ದಿನ

ನಮ್ಮ ದೊಡ್ಡಮ್ಮನ ಕೆಲಸವೇನೆಂದು ಯಾರಾದರೂ ಕೇಳಿದರೆ ನನಗೆ ಮೊದಲು ನಗು ಬರುತ್ತದೆ. ಮೂವತ್ತೊಂದು ವರ್ಷದಿಂದ ಅವರು ಸಸ್ಯ ಸಂಗ್ರಹಾಲಯದಲ್ಲಿ ಒಣಗಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸುತ್ತಾರೆ. ಕಚೇರಿಗೆಲ್ಲ ಅವರು ಗೋಂದಮ್ಮ. ಓದಿದ್ದು ಹತ್ತನೇ ಕ್ಲಾಸು. ಆದರೆ ಒಂದು ಕಡ್ಡಿ ತೋರಿಸಿದರೆ ಸಾಕು, ಅದರ ಕುಲಗೋತ್ರವನ್ನೆಲ್ಲ ಜಾಲಾಡಿಬಿಡುತ್ತಾರೆ. ಅದೇ ಕಚೇರಿಯಲ್ಲಿ ಟೈಪಿಸ್ಟ್ ಆಗಿರುವ ನಾನು ಅವರ ತಂಗಿಯ ಮಗಳು. ಆ ದಿನದ ಅನಾಹುತ ನನ್ನ ಕೈಯದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಜಗಳ ಒಂದು ಗಿಡ್ಡ ಪೊದೆಯದು. ಮರವೇ ಬೆಳೆಯದ ಗಾಳಿಗುಡ್ಡದ ಮೇಲೆ ಮೊಣಕಾಲೆತ್ತರ ಬರುವ ಎರಿಕಾ ಕುಲದ ಗಿಡ. ಸೂಜಿಯಂಥ ಎಲೆ, ಅಕ್ಕಿಕಾಳಿನಷ್ಟು ಗುಲಾಬಿ ಹೂವು. ನಮ್ಮ ಸಾಹೇಬರು, ಎಂದರೆ ಮುಖ್ಯ ಸಸ್ಯವಿಜ್ಞಾನಿ, ಅದನ್ನು ಮೊದಲೇ ಹೆಸರಿರುವ ಹಳೆಯ ಪ್ರಭೇದವೆಂದೇ ಬರೆದು ಆ ಗುಡ್ಡದ ಗಿಡಗಳ ಪುಸ್ತಕ ಮುಗಿಸಿದ್ದರು. ದೊಡ್ಡಮ್ಮ ಆ ಗಿಡ ಅಂಟಿಸಿದ ಹಾಳೆ ಹಿಡಿದು ಹಟಕ್ಕೆ ಬಿದ್ದರು.

“ಸಾರ್, ಇದು ಅದಲ್ಲ. ಅದಕ್ಕೆ ಗೆಣ್ಣಿಗೆ ಮೂರು ಎಲೆ. ಇದಕ್ಕೆ ನಾಲ್ಕು.”

“ಎಲೆ ಹೆಚ್ಚುಕಮ್ಮಿ ಆಗುತ್ತಮ್ಮಾ. ಹೂವಿನೊಳಗೆ ಏನಾದ್ರೂ ಬೇರೆ ಇದ್ರೆ ತೋರ್ಸಿ, ಒಪ್ಕೋತೀನಿ. ಇಲ್ಲಾಂದ್ರೆ ಸಂಜೆ ಪುಸ್ತಕ ಅಚ್ಚಿಗೆ ಹೋಗುತ್ತೆ.”

ಹಾಳೆಯಲ್ಲಿ ಉಳಿದಿದ್ದುದು ಒಂದೇ ಹೂವು. ಗುಡ್ಡಕ್ಕೆ ಬೆಂಕಿ ಬಿದ್ದು ಪೊದೆಗಳೆಲ್ಲ ಸುಟ್ಟಿದ್ದವು. ಇನ್ನೊಂದು ಹೂವು ಎಲ್ಲಿಂದ ತರುವುದು? ಒಣಹೂವನ್ನು ಹಾಗೇ ಬಿಡಿಸಿದರೆ ಪುಡಿಪುಡಿ. ನೀರಲ್ಲಿ ಎರಡು ನಿಮಿಷ ಕುದಿಸಿದರೆ ಮೆತ್ತಗಾಗುತ್ತದೆ. ಅದಕ್ಕೆಂದೇ ಇದ್ದ ಗಾಜಿನ ಬಟ್ಟಲು ಒಡೆದಿತ್ತು. ಅವಸರದಲ್ಲಿ ದೊಡ್ಡಮ್ಮ ಟೀ ಪಾತ್ರೆಯಲ್ಲೇ ಹೂವು ಹಾಕಿ, ಒಲೆ ಹಚ್ಚಿ, ಬ್ಲೇಡು ತರಲು ಒಳಗೆ ಹೋದರು.

ನಾನು ಬಂದೆ. ನೀರು ಕುದಿಯುತ್ತಿತ್ತು. ಪಾಪ, ಟೀಗೆ ಇಟ್ಟು ಮರೆತಿದ್ದಾರೆ ಎಂದುಕೊಂಡು ಟೀ ಪುಡಿ, ಹಾಲು, ಸಕ್ಕರೆ ಎಲ್ಲ ಸುರಿದೆ. ಸೋಸಿ ಸಾಹೇಬರಿಗೂ ಕೊಟ್ಟೆ. ಇವತ್ತು ಟೀ ಬಲು ಚೆನ್ನಾಗಿದೆ ಎಂದರು ಬೇರೆ!

ದೊಡ್ಡಮ್ಮ ಬಂದು ಖಾಲಿ ಪಾತ್ರೆ ನೋಡಿದರು. ನನ್ನನ್ನು ನೋಡಿದರು.

“ಲೇ, ಹೂವೆಲ್ಲೇ?”

“ಯಾವ ಹೂವು ದೊಡ್ಡಮ್ಮ?”

“ಅಯ್ಯೋ, ನಿನ್ನ ಮನೆ ಹಾಳಾಗ!” ಎಂದು ಚೀರಿದವರು, ಅದು ಸ್ವಂತ ತಂಗಿಯ ಮನೆಯೆಂದು ನೆನಪಾಗಿ, “ನಿನ್ನ ಗಂಡನ ಮನೆ ಹಾಳಾಗ!” ಎಂದು ತಿದ್ದಿಕೊಂಡರು.

ಮೂವತ್ತೊಂದು ವರ್ಷದಲ್ಲಿ ಅವರು ಸಾಹೇಬರಿಗೆ ಎದುರಾಡಿದ್ದು ಇದೊಂದೇ ಸಲ, ಅದರ ಸಾಕ್ಷಿಗೆ ನಾನು ಹಾಲು ಸಕ್ಕರೆ ಬೆರೆಸಿದ್ದೆ. ಸಾಹೇಬರು ಲೋಟ ಕೆಳಗಿಟ್ಟು, “ನಾನೇನೂ ನುಂಗಿಲ್ಲಮ್ಮಾ!” ಎಂದು ಓಡಿ ಬಂದರು.

ಸೋಸಿದ ಚರಟ ಕಸದ ಬುಟ್ಟಿ ಸೇರಿತ್ತು. ನ್ಯೂಸ್ ಪೇಪರ್ ಹಾಸಿ ಬುಟ್ಟಿ ಬೋರಲು ಹಾಕಿದೆವು. ಮೂವರೂ ನೆಲಕ್ಕೆ ಕೂತು, ಕೈಗೊಂದು ಸೂಜಿ ಹಿಡಿದು ಕೆದಕತೊಡಗಿದೆವು.

“ಇದು ಟೀ ಎಲೆ,” ಎಂದರು ಸಾಹೇಬರು, ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು. “ಇದೂ ಟೀ ಎಲೆ. ಇದು... ಇರುವೆ.”

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

“ಸಿಕ್ತು!” ದೊಡ್ಡಮ್ಮನ ಸೂಜಿಯ ತುದಿಯಲ್ಲಿ ಕಂದುಬಣ್ಣಕ್ಕೆ ತಿರುಗಿದ ಹೂವು ಉಬ್ಬಿ ಕೂತಿತ್ತು.

ಅವರೇ ಅದನ್ನು ಸೂಕ್ಷ್ಮದರ್ಶಕದಡಿ ಇಟ್ಟು ಸೀಳಿದರು. ಎಂಟು ಕೇಸರ. ಹಳೆಯ ಪ್ರಭೇದವಾದರೆ ಪ್ರತಿ ಕೇಸರದ ಪರಾಗಕೋಶದ ಬುಡದಲ್ಲಿ ಎರಡು ಪುಟ್ಟ ಬಾಲ ಇರಲೇಬೇಕು. ಸಾಹೇಬರು ನೋಡಿದರು, ತಮ್ಮ ಪುಸ್ತಕದ ಹಸ್ತಪ್ರತಿ ತೆರೆದರು, ಮತ್ತೆ ನೋಡಿದರು.

“ಬಾಲ ಕಾಣಿಸ್ತಿಲ್ಲ. ಟೀಲಿ ಬೆಂದು ಉದುರಿಹೋಯ್ತೇನೋ?”

“ಉದುರಿದ್ರೆ ಗಾಯ ಇರಬೇಕಲ್ಲ ಸಾರ್? ನುಣ್ಣಗಿದೆ, ನೋಡಿ.”

“ಇದಕ್ಕಿಲ್ಲ. ಇದಕ್ಕೂ ಇಲ್ಲ. ಇದಕ್ಕೂ ಇಲ್ಲಮ್ಮಾ!” ಎಂಟನೆಯದಕ್ಕೆ ಬರುವಷ್ಟರಲ್ಲಿ ಸಾಹೇಬರು ನಿಂತಲ್ಲೇ ಕುಣಿಯುತ್ತಿದ್ದರು. “ಹೊಸ ಪ್ರಭೇದ ಕಣಮ್ಮಾ! ಫೋನ್ ಮಾಡಿ, ಅಚ್ಚು ನಿಲ್ಸಿ!” ನಾವು ಮೂವರೂ ಕೈಕೈ ಹಿಡಿದು ಮೇಜಿನ ಸುತ್ತ ಒಂದು ಸುತ್ತು ಹಾಕಿದೆವೆಂದರೆ ಯಾರೂ ನಂಬುವುದಿಲ್ಲ.

ಆಮೇಲೆ ಹಾಳೆಗೆ “ಗುರುತಿಸಿದವರು” ಎಂಬ ಚೀಟಿ ಅಂಟಿಸಬೇಕಿತ್ತು. ದೊಡ್ಡಮ್ಮ ಎಂದಿನಂತೆ ಸಾಹೇಬರ ಹೆಸರು ಬರೆದು ಗೋಂದಿಗೆ ಕೈ ಹಾಕಿದರು. ಸಾಹೇಬರು ಆ ಚೀಟಿ ಕಿತ್ತುಕೊಂಡು ಹರಿದುಹಾಕಿದರು. ಇನ್ನೊಂದರ ಮೇಲೆ ದೊಡ್ಡಮ್ಮನ ಹೆಸರು ಪೂರ್ತಿ ಬರೆದು, ತಾವೇ ಗೋಂದು ಬಳಿದರು.

“ನಿಮ್ಮ ಹೆಸರನ್ನ ನೀವೇ ಅಂಟಿಸ್ಕೊಳ್ಳೋದು ಬೇಡಮ್ಮಾ.”

ಚೀಟಿ ಸೊಟ್ಟಗೆ ಕೂತಿತು. ಅಂಚಿನಲ್ಲೆಲ್ಲ ಗೋಂದು ಸೋರಿತು. ಒಂದೆಳೆ ಓರೆಯಾದರೂ ಕಿತ್ತು ಮತ್ತೆ ಅಂಟಿಸುವ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಅದನ್ನೇ ನೋಡುತ್ತ ನಿಂತುಬಿಟ್ಟರು.

“ಸರಿ ಮಾಡ್ಲಾ ದೊಡ್ಡಮ್ಮ?” ಎಂದೆ.

“ಮುಟ್ಟಿದ್ರೆ ನೋಡು,” ಎಂದರು.