ಅತ್ತೆ ಕಾದ ಶಾಖೆ

ನಮ್ಮ ಗುಂಪಿನಲ್ಲಿ ಎಲ್ಲರೂ ಅವಳನ್ನು ಅತ್ತೆ ಎಂದೇ ಕರೆಯುತ್ತಿದ್ದರು. ಯಾರು ಏನು ಮಾಡಿ ತಂದರೂ ಅವಳ ಕಣ್ಣಿಗೆ ಒಂದು ಕೊರತೆ ಬೀಳುತ್ತಿತ್ತು. ಅವಳು ಹೋದ ಮೇಲೂ, ಏನಾದರೂ ಬರೆದು ಕಳಿಸುವ ಮುನ್ನ ಅವಳ ಮುಖ ನೆನೆದು ಇನ್ನೊಮ್ಮೆ ಓದುತ್ತೇನೆ.

ಹಗಲು ಅವಳು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಿದ್ದಳು. ಸಂಜೆ ಅಡುಗೆಮನೆಯ ಮೇಜಿನ ಬಳಿ ಕುಳಿತು, ಒಂದು ಕಣ್ಣು ಒಲೆಯ ಕಡೆಗಿಟ್ಟು, ನಾವೆಲ್ಲ ಸೇರಿ ಕಟ್ಟುತ್ತಿದ್ದ ಆಪರೇಟಿಂಗ್ ಸಿಸ್ಟಮಿನ ಸ್ಥಿರ ಶಾಖೆಯನ್ನು ನೋಡಿಕೊಳ್ಳುತ್ತಿದ್ದಳು. ಶಾಖೆ ಎಂದರೆ ಒಂದೇ ತಂತ್ರಾಂಶದ, ಬೇರೆಯಾಗಿ ಬೆಳೆಸುವ ಒಂದು ಪ್ರತಿ. ಹೊಸ ಕಸರತ್ತೆಲ್ಲ ಮುಖ್ಯ ಶಾಖೆಯಲ್ಲಿ. ಶಾಲೆ, ಪ್ರಯೋಗಾಲಯ, ನೀರಿನ ಪಂಪ್‌ಹೌಸಿನವರು ನಂಬಿ ಓಡಿಸುವುದು ಸ್ಥಿರ ಶಾಖೆಯನ್ನು. ಅದರಲ್ಲಿ ದೋಷ ತಿದ್ದಬಹುದೇ ಹೊರತು ಹೊಸದೇನೂ ಸೇರಿಸುವಂತಿಲ್ಲ. ಎಲ್ಲ ಸರಿಯಿರುವ ತನಕ ಯಾರಿಗೂ ನೆನಪಾಗದ ಕೆಲಸ.

ಪ್ರತಿ ತಿದ್ದುಪಡಿಯನ್ನೂ ಮೊದಲು ಪಡಸಾಲೆಯಲ್ಲಿದ್ದ ಗಂಡನ ಹಳೆಯ ಕಂಪ್ಯೂಟರಿಗೆ ಹಾಕಿ, ಅದು ಸರಿಯಾಗಿ ಶುರುವಾಗುತ್ತದೆಯೇ ಎಂದು ನೋಡುವಳು. ಅವರು ಬಸ್ ಡ್ರೈವರ್, ಕಾಯುವುದು ಅಭ್ಯಾಸ.

“ರೀ, ಎದ್ದಿತಾ?” ಎಂದು ಇವಳು ಒಳಗಿಂದ ಕೂಗುವಳು.

“ಎದ್ದಿದೆ ಕಣೆ. ನನಗಿಂತ ಚುರುಕಾಗಿದೆ.”

ಮುಖ್ಯ ಶಾಖೆಯ ಮುಂದಾಳುವಿಗೆ ಹೊಸದರ ಹುಚ್ಚು. ಅವಳಿಂದ ಅವನಷ್ಟು ಬೈಗುಳ ತಿಂದವರಿಲ್ಲ. ಹಾಗಾಗಿ ಗುಂಪಿನವರ ಬಾಯಲ್ಲಿ ಅವನು ಅಳಿಯನಾದ. ಒಮ್ಮೆ ಅವನು ಮುಖ್ಯ ಶಾಖೆಗೆ ಬರೆದ, ಡಿಸ್ಕ್ ದೋಷದ ತಿದ್ದುಪಡಿಯನ್ನು ಅವಳು ಸ್ಥಿರ ಶಾಖೆಗೆ ತಂದಳು. ಅದಕ್ಕೆ ಆಧಾರವಾಗಿದ್ದ ಇನ್ನೊಂದು ಬದಲಾವಣೆ ಸ್ಥಿರ ಶಾಖೆಯಲ್ಲಿ ಇರಲೇ ಇಲ್ಲ. ಗಂಡನ ಕಂಪ್ಯೂಟರೇನೋ ಎದ್ದಿತು. ಊರೂರಿನ ಯಂತ್ರಗಳು ಏಳಲಿಲ್ಲ. ಜನ ಅಳಿಯನ ಮೇಲೆ ಮುಗಿಬಿದ್ದರು. ಇವಳು ಅದನ್ನು ಹಿಂದೆಗೆದು ಎಲ್ಲರಿಗೂ ಬರೆದಳು: “ತಂದವಳು ನಾನು. ತಪ್ಪು ನನ್ನದು.” ಅಂದಿನಿಂದ ಅವನು ಎದುರುತ್ತರ ಕೊಟ್ಟರೂ ದನಿ ತಗ್ಗಿಸಿ ಕೊಡುತ್ತಿದ್ದ.

ಅವಳಿಗೆ ಕಾಯಿಲೆ ಬಂದಾಗ ಸ್ಥಿರ ಶಾಖೆಯನ್ನು ಇನ್ನೊಂದು ವರ್ಷ ಕಾಪಾಡುವುದಾಗಿ ಬಳಕೆದಾರರಿಗೆ ಮಾತು ಕೊಟ್ಟಾಗಿತ್ತು. ಈಗಲೇ ಮುಚ್ಚಿಬಿಡೋಣ ಎಂದರು ಕೆಲವರು.

“ನಾನು ಹೋದ್ರೆ ಕೊಟ್ಟ ಮಾತೂ ಹೋಗುತ್ತಾ?” ಎಂದು ಆಸ್ಪತ್ರೆಯ ಮಂಚದಿಂದಲೇ ಸಿಡುಕಿದಳು.

ಮರುದಿನ ಅಳಿಯ ಬಂದ. ನಾನು ಅಲ್ಲೇ ಇದ್ದೆ.

“ಶಾಖೆ ನಾನು ನೋಡ್ಕೋತೀನಿ ಅತ್ತೆ.”

“ನಿನ್ನ ಕೈಗಾ? ನಾಳೇನೇ ಬಣ್ಣ ಹೊಡೆದು ಕೂರಿಸ್ತೀಯ.”

ಅವನು ಲ್ಯಾಪ್‌ಟಾಪ್ ತೆರೆದು, ತಾನು ಸ್ಥಿರ ಶಾಖೆಗೆ ಹೊಂದಿಸಿ ತಂದಿದ್ದ ತಿದ್ದುಪಡಿ ತೋರಿಸಿದ. ಅವಳ ಬೆರಳು ಒಂದು ಕಡೆ ನಿಂತಿತು.

“ಈ ಸಾಲು ಯಾಕೆ?”

“ಅದಿದ್ರೆ ಸ್ವಲ್ಪ ಬೇಗ ಓಡುತ್ತೆ.”

“ದೋಷ ತಿದ್ದುತ್ತಾ?”

“ಇಲ್ಲ.”

“ತೆಗಿ ಮತ್ತೆ.”

ತೆಗೆದ. ಬಿಡುಗಡೆಯ ಹೊಣೆಯನ್ನು ಅವತ್ತೇ ಅವನ ಹೆಸರಿಗೆ ಮಾಡಿಸಿದಳು. ಬೈದು ಕೊಟ್ಟಳು ಅನ್ನುವುದು ಬೇರೆ ಮಾತು.

ಆ ಶಾಖೆಯ ಕೊನೆಯ ಬಿಡುಗಡೆ, ಹೇಳಿದ ದಿನಕ್ಕೇ, ಕಳೆದ ವಾರ ಹೊರಬಿತ್ತು. ಅದಕ್ಕೂ ಮೊದಲು ಯಾರೋ ಒಂದು ಅಚ್ಚುಕಟ್ಟಾದ ಹೊಸ ಸೌಲಭ್ಯ ಕಳಿಸಿದ್ದರು. ಅಳಿಯ ಎರಡೇ ಮಾತಿನಲ್ಲಿ ಉತ್ತರಿಸಿದ: “ಚೆನ್ನಾಗಿದೆ. ಬೇಡ.” ಓದಿ ನನಗೆ ಹೆಮ್ಮೆಯಾಯಿತು.

ಪದ್ಧತಿ ಮುರಿಯಬಾರದೆಂದು, ಆ ಕೊನೆಯ ಬಿಡುಗಡೆ ಹೊರಬೀಳುವ ಮುನ್ನ ನಾನು ಅತ್ತೆಯ ಮನೆಗೆ ಹೋಗಿ ಅದನ್ನು ಹಳೆಯ ಕಂಪ್ಯೂಟರಿಗೆ ಹಾಕಿದ್ದೆ. ಅವಳ ಗಂಡ ಸ್ವಿಚ್ ಒತ್ತಿ, ಕೈಕಟ್ಟಿ ಕಾದರು. ಪರದೆ ಬೆಳಗಿತು.

“ಎದ್ದಿದೆ ಕಣೆ,” ಎಂದರು, ಅಡುಗೆಮನೆಯ ಕಡೆ ತಿರುಗಿ, ಸ್ವಲ್ಪ ಜೋರಾಗಿಯೇ.