ಖಾನಾವಳಿ ಶಿವಬಸವ್ವನ ಸನ್ನಿ

ಸಪ್ತಾಪುರದ ಶಿವಬಸವ್ವನ ಖಾನಾವಳಿಯಲ್ಲಿ ತಾಟಿನೊಳಗೆ ರೊಟ್ಟಿಯ ಚೂರು ಬಿಟ್ಟು ಏಳುವ ಧೈರ್ಯ ಯಾರಿಗೂ ಇರಲಿಲ್ಲ. ಒಮ್ಮೆ ವಿಶ್ವವಿದ್ಯಾಲಯದ ಲೆಕ್ಚರರ್ ಒಬ್ಬರು ಬದನೆಕಾಯಿ ಎಣ್ಣೆಗಾಯಿ ಹಳಸಿದೆ ಎಂದು ಮುಖ ಕಿವುಚಿದರು. ಶಿವಬಸವ್ವ ಅದೇ ಪಾತ್ರೆಯಿಂದ ಒಂದು ಸೌಟು ತೆಗೆದು, ಅವರೆದುರೇ ನಿಂತು ಉಂಡಳು. "ಹಳಸಿದ್ದು ಪಲ್ಯ ಅಲ್ರಿ ಸರ್, ನಿಮ್ಮ ನಾಲಗಿ. ಮಸರ ಹಾಕ್ತೇನಿ, ಉಣ್ರಿ" ಎಂದಳು. ಅವರು ಉಂಡರು. ಮರುದಿನವೂ ಬಂದರು.

ಆ ಸಿಟ್ಟು ಸುಮ್ಮನೆ ಬಂದದ್ದಲ್ಲ. ಗಂಡ ಬಸಣ್ಣ ಕಾಮಾಲೆಯಾಗಿ ತೀರಿಕೊಂಡಾಗ ಮಗ ವಿಶಾಲ ಇನ್ನೂ ಸಾಲಿಗೆ ಹೋಗುತ್ತಿದ್ದ. ಆಕೆ ಖಾನಾವಳಿ ತೆಗೆಯುತ್ತೇನೆಂದಾಗ, ಹೆಣ್ಣುಮಗಳು ಬೀದಿಯವರಿಗೆ ಉಣಬಡಿಸುವುದು ಮನೆತನಕ್ಕೆ ಕಡಿಮೆ ಎಂದು ಮೈದುನರು ಬಂದು ಕೂತರು. ಆಕೆ ಅವರನ್ನು ಬಾಗಿಲ ತನಕ ಬೈಯುತ್ತಲೇ ಕಳಿಸಿ, ಮುಂದಿನ ಪಡಸಾಲೆಯಲ್ಲಿ ಒಲೆ ಹೂಡಿದಳು. ಹಸಿ ಕಟ್ಟಿಗೆ ತೂಗುವವನನ್ನು, ಹುಳಬಿದ್ದ ಜೋಳ ಕೊಡುವವನನ್ನು, ಕುಡಿದು ಬರುವವನನ್ನು ಅದೇ ಸಿಟ್ಟಿನಿಂದ ದೂರ ಇಟ್ಟಳು. ಮಗನನ್ನು ಐಟಿಐ ಓದಿಸಿದಳು. ಅವನಿಗೆ ತಾರಿಹಾಳದ ಪಂಪ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸವಾಯಿತು. ಮುಗದದಿಂದ ದಿನಾ ಬೆಳಗಿನ ಗಾಡಿಗೆ ಬಂದು ರೊಟ್ಟಿ ಬಡಿಯುವ ಸತ್ಯವ್ವನಿಗೆ ಮಾತ್ರ ಗೊತ್ತಿತ್ತು, ಶಿವಬಸವ್ವ ಬೈಯದ ದಿನವೇ ಅಂಜಬೇಕೆಂಬುದು.

ಎರಡು ಸಾವಿರದ ಮೂರರ ಮಳೆಗಾಲದಲ್ಲಿ ಬಚ್ಚಲ ಕಲ್ಲಿನ ಮೇಲೆ ಕಾಲು ಜಾರಿ ಬಿದ್ದಳು. ಚಪ್ಪೆಯ ಎಲುಬು, ಸೊಂಟದ ಕೀಲಿನ ಹತ್ತಿರ, ಮುರಿಯಿತು. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಶನ್ ಮಾಡಿದರು. ಎಲ್ಲ ಸರಿಯಾಗಿದೆ ಎಂದರು. ಸರಿಯಾಗಿಯೇ ಇತ್ತು, ಮರುದಿನ ಸಂಜೆಯವರೆಗೆ.

ಆ ಸಂಜೆ ಆಕೆ ಹಾಸಿಗೆಯ ಚಾದರ ಕೆದರತೊಡಗಿದಳು. "ಬ್ಯಾಳಿ ತಳ ಹತ್ತಾಕತ್ತೈತಿ, ಸೌಟ ಕೊಡ್ರಿ" ಎಂದಳು. ವಿಶಾಲನನ್ನು ನೋಡಿ, ಸತ್ತ ಗಂಡನ ಹೆಸರು ಹಿಡಿದು ಕರೆದಳು. ಆ ದಿನಗಳು ಆಮೇಲೆ ಆಕೆಗೆ ತುಂಡು ತುಂಡಾಗಿ ನೆನಪಾದವು. ಗೋಡೆಯ ತುಂಬ ಕೆಂಜಿಗದ ಇರುವೆಗಳು ಹರಿಯುತ್ತಿದ್ದವು. ಬಿಳಿ ಸೀರೆಯವಳೊಬ್ಬಳು ತನ್ನ ಪಲ್ಯದ ಪಾತ್ರೆಗೆ ಏನೋ ಬೆರೆಸುತ್ತಿದ್ದಳು. ಪಂಕ್ತಿಯಲ್ಲಿ ಹುಡುಗರು ಕೂತಿದ್ದಾರೆ, ಉಂಡರೆ ಸಾಯುತ್ತಾರೆ. ಕೂಗಿದರೆ ಯಾರೂ ಕೇಳುತ್ತಿಲ್ಲ. ಆಕೆ ಎದ್ದು ಕೂತು ಆ ಬಿಳಿ ಸೀರೆಯವಳ ಕೆನ್ನೆಗೆ ಹೊಡೆದಳು. ಹೊಡೆದದ್ದು ನರ್ಸಿಗೆ. ಬಟ್ಟೆಯ ಪಟ್ಟಿಯಿಂದ ಆಕೆಯ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದರು. ನಿದ್ದೆಯ ಇಂಜೆಕ್ಷನ್ ಕೊಟ್ಟರು. ಬೆಳಗ್ಗೆ ಎದ್ದಾಗ ಇನ್ನೂ ಕೆಟ್ಟಿತ್ತು. ಮತ್ತೆ ಇಂಜೆಕ್ಷನ್.

"ವಯಸ್ಸಾತು, ತಲಿ ಕೆಟ್ಟೈತಿ" ಎಂದರು ವಾರ್ಡಿನ ಡಾಕ್ಟರು, ನಿಲ್ಲದೆ ಮುಂದಿನ ಮಂಚಕ್ಕೆ ನಡೆಯುತ್ತ.

ವಿಶಾಲ ಆ ಮಾತನ್ನು ಹಿಡಿದುಕೊಂಡ. ಕಟ್ಟಿದ ಕೈಗಳನ್ನು ಎಳೆದಾಡುತ್ತ ಬೈಯುವ ತಾಯಿಯ ಹತ್ತಿರ ಕೂಡ್ರಲಾರದೆ ವರಾಂಡಾದಲ್ಲಿ ನಿಂತ. ನಿಂತಲ್ಲೇ ಆಕೆಯ ಮುಂದಿನ ದಿನಗಳನ್ನು ತೀರ್ಮಾನಿಸಿದ. ಹುಚ್ಚಿಯ ಕೈಯ ಊಟ ಯಾರು ಉಣ್ಣುತ್ತಾರೆ? ಝೆರಾಕ್ಸ್ ಅಂಗಡಿಗೆ ಜಾಗ ಹುಡುಕುತ್ತಿದ್ದವನೊಬ್ಬನಿಗೆ ಪಡಸಾಲೆ ಕೊಡುವುದಾಗಿ ಮಾತು ಕೊಟ್ಟುಬಿಟ್ಟ. ತಾಯಿಯ ಮನೆ, ತಾಯಿಯ ಒಲೆ. ತಾಯಿ ಇನ್ನೂ ಮಂಚದ ಮೇಲೆ.

ಆ ಹೊತ್ತಿಗೆ ಬೇರೊಬ್ಬ ರೋಗಿಯನ್ನು ನೋಡಲು ಬಂದ ಹಿರಿಯ ಫಿಜಿಶಿಯನ್ ಗುರುಶಿದ್ದಪ್ಪನವರು ಈ ಮಂಚದ ಹತ್ತಿರ ನಿಂತರು. ಕಟ್ಟಿದ ಕೈ ನೋಡಿದರು, ಒಣಗಿದ ತುಟಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು. "ಆಪರೇಶನ್‌ಕಿಂತ ಮೊದಲ ಹ್ಯಾಂಗಿದ್ರು ಇವರು?" ಎಂದು ವಿಶಾಲನನ್ನು ಕೇಳಿದರು.

"ನೆಟ್ಟಗ ಇದ್ಲ್ರಿ. ಸಿಟ್ಟ ಭಾಳ, ಅಷ್ಟ."

"ಹಂಗಾರ ಇದು ಹುಚ್ಚಲ್ಲ. ಮೊದಲ ಕೈ ಬಿಚ್ಚ್ರಿ." ಆಮೇಲೆ ರಕ್ತ, ಮೂತ್ರ ಪರೀಕ್ಷೆಗೆ ಕಳಿಸಿದರು, ಕೆಲವು ಔಷಧ ನಿಲ್ಲಿಸಿ ಬೇರೆ ಶುರುಮಾಡಿದರು, ನಡೆದುಬಿಟ್ಟರು.

ನಾಲ್ಕೈದು ದಿನಗಳಲ್ಲಿ ಕೆಂಜಿಗಗಳು ಹೋದವು. ಶಿವಬಸವ್ವ ಕಣ್ಣು ತೆರೆದು, ಮಣಿಕಟ್ಟಿನ ಕಪ್ಪು ಬರೆ ನೋಡಿಕೊಂಡು, "ಇದೇನು?" ಎಂದಳು. ನೋಡಲು ಬಂದಿದ್ದ ಸತ್ಯವ್ವ ಹೇಳಿದಳು. ಶಿವಬಸವ್ವ ಗೋಡೆಯ ಕಡೆ ಹೊರಳಿ ಮಲಗಿದಳು. ಮರುದಿನ ಆ ನರ್ಸ್ ಬಂದಾಗ, "ನಿನಗ ಹೊಡದೆನಂತ. ತಪ್ಪಾತು ತಂಗಿ" ಎಂದಳು. ನರ್ಸ್, "ಇರಲಿ ಬಿಡ್ರಿ, ನಿಮಗೆಲ್ಲಿ ಎಚ್ಚರಿತ್ತು" ಎಂದು ನಕ್ಕಳು. ಕೈ ಕಟ್ಟಿದ್ದಕ್ಕೆ ಮಾತ್ರ ಆಕೆಯಾಗಲಿ, ಬೇರೆಯವರಾಗಲಿ ತಪ್ಪಾಯಿತು ಎನ್ನಲಿಲ್ಲ.

ಮನೆಗೆ ಬಂದಾಗ ಪಡಸಾಲೆಯಲ್ಲಿ ಝೆರಾಕ್ಸ್ ಯಂತ್ರ ಗುಂಯ್‌ಗುಡುತ್ತಿತ್ತು. ರೊಟ್ಟಿಯ ಹಂಚು, ಪಾತ್ರೆ, ಹಿಟ್ಟು ನಾದುವ ಕೊಣಮಿಗೆ ಎಲ್ಲ ಹಿತ್ತಲಿನಲ್ಲಿ ಮಳೆಗೆ ನೆನೆಯುತ್ತಿದ್ದವು. ವಾಕರ್ ಹಿಡಿದು ನಿಂತಲ್ಲೇ ಶಿವಬಸವ್ವ ಕೂಗಾಡಿದಳು. ಯಾರ ಮನೆ ಇದು, ಯಾರನ್ನು ಕೇಳಿ ಕೊಟ್ಟೆ, ಸತ್ತಿದ್ದೆನೇನು ನಾನು ಎಂದಳು.

ವಿಶಾಲ ಹೆಂಡತಿ ದಾಕ್ಷಾಯಿಣಿಯ ಕಡೆ ನೋಡಿ ಮೆಲ್ಲಗೆ ಹೇಳಿದ, "ನೋಡು, ಮತ್ತ ಶುರುವಾತು. ವಾರ್ಡಿನ ಡಾಕ್ಟರು ಬರದ ನಿದ್ದಿ ಗುಳಿಗಿ ತಾ."

ಅದು ಆಕೆಯ ಕಿವಿಗೆ ಬಿತ್ತು. ಜೀವಮಾನವಿಡೀ ತನ್ನ ಸಿಟ್ಟಿಗೆ ಒಂದು ಬೆಲೆಯಿತ್ತು. ಜನ ಅಂಜುತ್ತಿದ್ದರು, ನಗುತ್ತಿದ್ದರು, ಆದರೆ ಕೇಳುತ್ತಿದ್ದರು. ಈಗ ಅದೇ ಸಿಟ್ಟು ರೋಗ. ಕೂಗಿದರೆ 'ಮತ್ತ ಬಂತು', ಸುಮ್ಮನೆ ಕೂತರೆ 'ಮಂಕಾದಳು'. ಅಡುಗೆಮನೆಯಲ್ಲಿ ಈಳಿಗೆಮಣೆ ಕಾಣಲಿಲ್ಲ. ಬಚ್ಚಿಟ್ಟಿದ್ದರು. ಸೊಸೆ ಮೊಮ್ಮಗಳನ್ನು ಅಜ್ಜಿಯ ಹತ್ತಿರ ಒಬ್ಬಳೇ ಬಿಡುತ್ತಿರಲಿಲ್ಲ. ಮಗ ಸಣ್ಣ ಕೂಸಿಗೆ ಹೇಳುವ ಧ್ವನಿಯಲ್ಲಿ "ಊಟ ಆತೇನವಾ?" ಎನ್ನುತ್ತಿದ್ದ. ಆ ಮೆತ್ತನೆಯ ಮಾತು ಆಕೆಗೆ ಹೊಡೆತಕ್ಕಿಂತ ಹೆಚ್ಚು ನೋವು ಕೊಡುತ್ತಿತ್ತು.

ಒಂದು ದಿನ ಮಗ ಕೆಲಸಕ್ಕೆ ಹೋದ ಮೇಲೆ ಸತ್ಯವ್ವನನ್ನು ಕರೆದುಕೊಂಡು ಆಕೆ ಹುಬ್ಬಳ್ಳಿಗೆ ಹೋದಳು. ಗುರುಶಿದ್ದಪ್ಪನವರ ಕೋಣೆಯಲ್ಲಿ, ಕೂಡ್ರಿ ಎಂದರೂ ಕೂಡ್ರಲಿಲ್ಲ.

"ನನಗ ಹುಚ್ಚ ಹಿಡದಿತ್ತೇನ್ರಿ?"

"ಇಲ್ರಿ ಅವ್ವಾರ. ಸನ್ನಿ ಅಂತಾರಲ್ಲ, ಅದು. ಹುಚ್ಚ ಬ್ಯಾರೆ, ಸನ್ನಿ ಬ್ಯಾರೆ."

"ಬಿಡಿಸಿ ಹೇಳ್ರಿ. ನನಗ ತಿಳೀತೈತಿ."

ಅವರು ಪೆನ್ನು ಕೆಳಗಿಟ್ಟರು. "ಮಿದುಳು ತನ್ನಷ್ಟಕ್ಕ ತಾ ನಡೆಯೂದಿಲ್ರಿ. ಅದಕ್ಕ ರಕ್ತದಾಗ ನೀರು, ಉಪ್ಪು, ಉಸಿರಿನ ಗಾಳಿ ಎಲ್ಲಾ ಅಳತಿಗೆ ಸರಿಯಾಗಿ ಬೇಕು. ನೀವು ಬಿಪಿಗೆ ತಗೊಳ್ಳೋ ಗುಳಿಗಿ ಮೂತ್ರದ ಕೂಡ ಉಪ್ಪನ್ನ ಹೊರಗ ಹಾಕತಿತ್ತು. ಆಪರೇಶನ್ ಆದಮ್ಯಾಲೆ ರಕ್ತದಾಗಿನ ಉಪ್ಪು ಇನ್ನೂ ಇಳೀತು. ಮೂತ್ರಕ್ಕ ಹಾಕಿದ್ದ ನಳಿಗಿಯಿಂದ ಸೋಂಕ ಹತ್ತಿತ್ತು. ಎಲ್ಲೋ ಒಂದ ಕಡೆ ಸೋಂಕಾದ್ರ ಅದರ ನಂಜು ರಕ್ತದಾಗ ಹರೀತೈತಿ, ವಯಸ್ಸಾದವರ ಮಿದುಳು ಅದನ್ನ ತಡಕೊಳ್ಳೂದಿಲ್ಲ. ಅದರ ಮ್ಯಾಲೆ ನೋವಿನ ಇಂಜೆಕ್ಷನ್, ನಿದ್ದಿ ಇಂಜೆಕ್ಷನ್. ಮಿದುಳಿನಾಗ ಒಂದು ನರ ಇನ್ನೊಂದಕ್ಕ ಸುದ್ದಿ ಮುಟ್ಟಸೂದನ್ನ ಅವು ಕೆಡಿಸ್ತಾವ. ಕಣ್ಣಿಗೆ ಚಸ್ಮಾ ಇಲ್ಲ, ಹಗಲು ಯಾವುದು ಇರುಳು ಯಾವುದು ತಿಳೀವಲ್ದು. ಇಷ್ಟೆಲ್ಲಾ ಕೂಡಿದ್ರ ನನಗೂ ಸನ್ನಿ ಬರತೈತಿ."

"ಕೈ ಕಟ್ಟಿದ್ದಕ್ಕ?"

"ಕಟ್ಟಿದ್ರ ಹೆಚ್ಚಾಗತೈತಿ. ಕಡಿಮಿ ಆಗೂದಿಲ್ಲ."

"ಇದನ್ನೆಲ್ಲಾ ನನ್ನ ಮಗಗ ಹೇಳಿದ್ರೇನು?"

"ಹುಚ್ಚಲ್ಲ ಅಂತ ಹೇಳಿದ್ದೆ. ಪೂರಾ ಬಿಡಿಸಿ ಹೇಳಾಕ ಹೊತ್ತಿರಲಿಲ್ಲ."

"ಹೊತ್ತಿರಲಿಲ್ಲ" ಎಂದಳು ಶಿವಬಸವ್ವ. "ಕಟ್ಟಾಕ ಎಲ್ಲಾರಿಗೂ ಹೊತ್ತಿತ್ತು. ಚುಚ್ಚಾಕ ಹೊತ್ತಿತ್ತು. ತಲಿ ಕೆಟ್ಟೈತಿ ಅನ್ನಾಕ ಹೊತ್ತಿತ್ತು. ಯಾಕ ಕೆಟ್ಟೈತಿ ಅಂತ ಹೇಳಾಕ ಮಾತ್ರ ಯಾರಿಗೂ ಹೊತ್ತಿರಲಿಲ್ಲ. ನಿಮ್ಮ ಉಪಕಾರ ನಾ ಮರಿಯೂದಿಲ್ರಿ ಡಾಕ್ಟರ್ರ. ಆದ್ರ ಆ ಅರ್ಧಾ ಮಾತಿನ ಸಂದಿನಾಗ ನನ್ನ ಒಲಿ ಹೋತು, ನನ್ನ ಮಾತು ಹೋತು. ಈಗ ಕರಸ್ರಿ ಅವನ್ನ. ಅವಗ ತಿಳಿಯೂತನಕ ನಾ ಇಲ್ಲಿಂದ ಕದಲೂದಿಲ್ಲ."

ಹೊರಗೆ ರೋಗಿಗಳು ಕಾಯುತ್ತಿದ್ದರು. ಗುರುಶಿದ್ದಪ್ಪನವರು ತಲೆ ತಗ್ಗಿಸಿ ಕಾರ್ಖಾನೆಗೆ ಫೋನು ಮಾಡಿದರು.

ವಿಶಾಲ ಗ್ರೀಸು ಹತ್ತಿದ ಅಂಗಿಯಲ್ಲೇ ಓಡಿಬಂದ. ತಾಯಿಗೆ ಮತ್ತೇನೋ ಆಗಿದೆ ಎಂದುಕೊಂಡಿದ್ದ. ಡಾಕ್ಟರು ಮೊದಲಿನಿಂದ ಎಲ್ಲವನ್ನೂ ಇನ್ನೊಮ್ಮೆ ಹೇಳಿದರು. ಅವನು ನಡುವೆ ಒಂದೇ ಪ್ರಶ್ನೆ ಕೇಳಿದ: "ಹಂಗಾರ ಈಗ ಬೈಯೂದು?"

"ಅದು ನಿಮ್ಮ ಅವ್ವನ ಸಿಟ್ಟಪಾ. ಅದಕ್ಕ ನನ್ನ ಹಂತೇಕ ಗುಳಿಗಿ ಇಲ್ಲ. ಆ ನಿದ್ದಿ ಗುಳಿಗಿ ಇವತ್ತ ನಿಲ್ಲಸು."

ಮೂವರೂ ಬಸ್‌ಸ್ಟ್ಯಾಂಡಿಗೆ ಬಂದರು. ಬೆಂಚಿನ ಮೇಲೆ ಕೂತಾಗ ವಿಶಾಲ, "ನಾ ಅಂಜಿದ್ದೆ ಅವ್ವಾ. ನೀ ನನ್ನ ಗುರ್ತಾ ಹಿಡೀಲಿಲ್ಲ" ಎಂದ.

"ಅಂಜಿದ್ದಿ, ಖರೇ. ಅಂಜಿದಾವ ಅವ್ವನ ಕೈ ಹಿಡಕೋತಾನ, ಕಟ್ಟಿದ್ದನ್ನ ನೋಡಕೋತ ನಿಂದ್ರೂದಿಲ್ಲ. ನಾ ಖರೇನ ಹುಚ್ಚಿ ಆಗಿದ್ರೂ ಆ ಒಲಿ ನಂದ ಆಗಿತ್ತು."

ಅವನು ಅತ್ತ. ಸತ್ಯವ್ವ ಅವನ ಬೆನ್ನ ಮೇಲೆ ಕೈಯಿಟ್ಟಳು. ಶಿವಬಸವ್ವ ಇಡಲಿಲ್ಲ.

ಝೆರಾಕ್ಸಿನವನು ಕಾಲೇಜು ಹುಡುಗರ ಪರೀಕ್ಷೆ ಮುಗಿಯುವವರೆಗೆ ಬಿಡಲಾರೆನೆಂದ. ಆಕೆ ಅವನೊಡನೆ ಜಗಳಕ್ಕೆ ನಿಲ್ಲಲಿಲ್ಲ. ಮನೆಯ ಮುಂದಿನ ಅಂಗಳಕ್ಕೆ ತಗಡು ಹೊದಿಸಿ, ಸ್ಟೂಲಿನ ಮೇಲೆ ಕೂತು, ಅಲ್ಲೇ ಒಲೆ ಹಚ್ಚಿಸಿದಳು. ಮೊದಲ ದಿನ ಮೂವರು ಬಂದರು. ಉಳಿದವರು ರಸ್ತೆಯಾಚೆ ನಿಂತು ನೋಡಿದರು. "ಏನ್ ನೋಡ್ತೀರಿ? ಸನ್ನಿ ಬಂದಿತ್ತು, ಹೋತು. ಉಣ್ಣೂದಿದ್ರ ಬರ್ರಿ, ಇಲ್ಲಾಂದ್ರ ರಸ್ತಾ ಬಿಡ್ರಿ" ಎಂದು ಕೂಗಿದಳು. ಆ ಧ್ವನಿ ಕೇಳಿದ್ದೇ ಹಳೆಯ ಗಿರಾಕಿಗಳಿಗೆ ಸಮಾಧಾನವಾಯಿತು. ವಾರದೊಳಗೆ ಪಂಕ್ತಿ ತುಂಬಿತು. ಬೇಸಿಗೆಯಲ್ಲಿ ಪಡಸಾಲೆಯೂ ತಿರುಗಿ ಬಂತು.

ವಿಶಾಲ ಕೆಲಸ ಮುಗಿಸಿ ಬಂದು ಎಲ್ಲರ ಜೊತೆ ಪಂಕ್ತಿಯ ಕೊನೆಗೆ ಕೂಡ್ರುತ್ತಿದ್ದ. ಆಕೆಯೇ ಬಡಿಸುತ್ತಿದ್ದಳು, ಕೇಳದೆ ಎರಡನೆಯ ರೊಟ್ಟಿ ಹಾಕುತ್ತಿದ್ದಳು. ಮಾತು ಮಾತ್ರ ಕಡಿಮೆ. ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ತಾಟಿನಿಂದ ತಲೆಯೆತ್ತದೆ ಕೇಳಿದ, "ಅವ್ವಾ, ಇನ್ನೂ ಸಿಟ್ಟ ಐತೇನು?"

"ಐತಿ" ಎಂದಳು ಶಿವಬಸವ್ವ. "ಉಣ್ಣು. ಆರಿ ಹೋಗತೈತಿ."