ಗಂಡು ನೋಡುವ ಮೇಷ್ಟ್ರು

ಮಳವಳ್ಳಿಯಲ್ಲಿ ಮದುವೆಯ ವಿಷಯಕ್ಕೆ ಕೊನೆಯ ಮಾತು ಮದುವೆಯೇ ಆಗದ ವರದರಾಜ ಮೇಷ್ಟ್ರದು. ಹೈಸ್ಕೂಲಿನಲ್ಲಿ ಅವರು ಕಲಿಸುತ್ತಿದ್ದುದು ಗಣಿತ. ಆದರೆ ಜನ ಅವರ ಜಗಲಿಗೆ ಬರುತ್ತಿದ್ದುದು ಗಂಡು ಹೇಗಿದ್ದಾನೆಂದು ಕೇಳಲು. ಜೊತೆಗೆ ಕೂತು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಹುಡುಗ ಕುಡುಕನೋ, ಕೈ ಎತ್ತುವವನೋ, ತಾಯಿಯ ಸೆರಗು ಬಿಡದವನೋ ಎಂದು ಹೇಳಿಬಿಡುತ್ತಿದ್ದರು. ಗಂಡಸರನ್ನು ಇಷ್ಟು ಗಮನವಿಟ್ಟು ನೋಡುವ ಅಭ್ಯಾಸ ಇವರಿಗೆ ಎಲ್ಲಿಂದ ಬಂತೆಂದು ಮಾತ್ರ ಯಾರೂ ಕೇಳಿರಲಿಲ್ಲ.

ಅವರು ಯಾಕೆ ಒಂಟಿಯಾಗಿ ಉಳಿದರೆಂಬುದಕ್ಕೆ ಊರಲ್ಲಿ ಉತ್ತರಗಳಿದ್ದವು. ಜೊತೆಯಲ್ಲಿದ್ದ ಅಕ್ಕ ಗೋದಾ ಕುಜದೋಷ ಎನ್ನುತ್ತಿದ್ದಳು. ಸ್ಟಾಫ್ ರೂಮಿನಲ್ಲಿ, ವಯಸ್ಸಿನಲ್ಲಿ ಯಾವಳೋ ಹುಡುಗಿ ಕೈಕೊಟ್ಟಳಂತೆ ಎಂಬ ಕಥೆಯಿತ್ತು. ಮೇಷ್ಟ್ರಿಗೆ ಈ ಎರಡನೆಯದು ಇಷ್ಟ. ಅದರಲ್ಲಿ ತಪ್ಪಿದ್ದುದು ಹುಡುಗಿ ಎಂಬ ಒಂದು ಪದ ಮಾತ್ರ. ಎಮರ್ಜೆನ್ಸಿಯಲ್ಲಿ ಮೇಷ್ಟ್ರುಗಳೆಲ್ಲ ಸಂತಾನಹರಣ ಆಪರೇಷನ್ನಿಗೆ ಜನ ಹಿಡಿದು ತರಬೇಕೆಂದು ಹುಕುಂ ಬಂದಾಗ, ಸಂಸಾರದ ಜವಾಬ್ದಾರಿ ಕುರಿತು ಭಾಷಣ ಮಾಡಲು ಹೆಡ್‌ಮಾಸ್ಟರು ನಿಲ್ಲಿಸಿದ್ದು ಇವರನ್ನೇ. ಚೆನ್ನಾಗಿಯೇ ಮಾತಾಡಿದರು.

ಕೈಕೊಟ್ಟವನು ಕೊಪ್ಪದ ಸಿದ್ದರಾಜು. ಮಂಡ್ಯದಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ಇಬ್ಬರೂ ಒಂದೇ ರೂಮು ಹಿಡಿದಿದ್ದರು. ಮಗ ಗೌಡರ ಹುಡುಗನ ಜೊತೆಗಿದ್ದರೂ ಬೇರೆ ಅಡುಗೆ ಮಾಡಿಕೊಳ್ಳುತ್ತಾನೆಂಬ ಭರವಸೆಯ ಮೇಲೆ ವರದರಾಜನ ತಾಯಿ ಒಪ್ಪಿದ್ದರು. ಆಕೆಗೆ ಕೊಟ್ಟ ಮಾತು ತಪ್ಪಲಿಲ್ಲ. ಒಲೆ ಎರಡೇ ಇದ್ದವು. ಚಾಪೆ ಮಾತ್ರ ಒಂದೇ ಸಾಕಾಗುತ್ತಿತ್ತು. ಓದು ಮುಗಿಯುವ ಹೊತ್ತಿಗೆ ಸಿದ್ದರಾಜುವಿನ ಅಪ್ಪ ಹೆಣ್ಣು ಗೊತ್ತು ಮಾಡಿದರು. "ನೀನೂ ಬಾರ್ಲಾ ವರದ, ಒಬ್ನೇ ಓಗಕ್ಕೆ ಎದ್ರಿಕೆ ಆಯ್ತದೆ" ಎಂದು ಸಿದ್ದರಾಜು ಕರೆದ. ವರದರಾಜ ಹೋದ. ಹೆಣ್ಣು ಹೇಗಿದ್ದಾಳೆಂದು ಕೇಳಿದಾಗ ಚೆನ್ನಾಗಿದ್ದಾಳೆ ಎಂದ. ಯಶೋದಮ್ಮ ನಿಜಕ್ಕೂ ಚೆನ್ನಾಗಿದ್ದಳು. ಮದುವೆಯಲ್ಲಿ ಗಂಡಿಗಿಂತ ಹೆಚ್ಚು ಓಡಾಡಿದ್ದು ವರದರಾಜನೇ. ಸ್ನೇಹ ಅಂದರೆ ಇದಪ್ಪ ಎಂದು ಬೀಗರು ಹೊಗಳಿದರು.

ಎಷ್ಟೋ ವರ್ಷದ ಮೇಲೆ ಮೇಷ್ಟ್ರ ಬದುಕಿಗೆ ಪೂರಿಗಾಲಿ ಬಸ್ಸಿನ ಕಂಡಕ್ಟರ್ ಪುಟ್ಟಮಾದಯ್ಯ ಬಂದ. ಆ ನಂಟು ನಗುವಿನಲ್ಲಿ ಶುರುವಾಗಿ ನಗುವಿನಲ್ಲೇ ನಡೆಯುತ್ತಿತ್ತು. ಒಂದು ದಿನ ಪುಟ್ಟಮಾದಯ್ಯನ ತಾಯಿ ಮರಿತಾಯಮ್ಮ ಮೇಷ್ಟ್ರ ಮನೆಗೇ ಬಂದು, "ನಮ್ ಐದ ಯಾರ್ ಮಾತೂ ಕೇಳಕಿಲ್ಲ ಬುದ್ದಿ, ನಿಮ್ ಮಾತು ಅಂದ್ರೆ ಪ್ರಾಣ. ಮದ್ವೆ ಆಗು ಅಂತ ಒಸಿ ಏಳಿ" ಎಂದು ಕಣ್ಣೀರು ಹಾಕಿದಳು. ಮೇಷ್ಟ್ರು ಹೇಳಿದರು. ಪುಟ್ಟಮಾದಯ್ಯ ಅವರ ಮುಖವನ್ನೇ ನೋಡುತ್ತ, "ನೀವೇ ಏಳ್ತಿದೀರಲ್ಲ, ಆಯ್ತು ಬುಡಿ" ಎಂದ. ಹೆಣ್ಣು ಹುಡುಕಿದ್ದೂ ಮೇಷ್ಟ್ರೇ. ಆ ಸಂಸಾರ ಚೆನ್ನಾಗಿ ನಡೆಯಿತು. ಮೇಷ್ಟ್ರ ಕೈಗುಣದ ಖ್ಯಾತಿ ಹಬ್ಬಿದ್ದು ಅಲ್ಲಿಂದಲೇ.

ಎಪ್ಪತ್ತೆಂಟರ ಮಾಘದಲ್ಲಿ ಸಿದ್ದರಾಜು ಜಗಲಿ ಹತ್ತಿದ. ತಲೆ ನರೆತಿತ್ತು, ಹೊಟ್ಟೆ ಬಂದಿತ್ತು. ಗೋದಾ ಎದುರಿಗಿರುವಷ್ಟು ಹೊತ್ತು "ಮೇಷ್ಟ್ರೇ" ಎನ್ನುತ್ತಿದ್ದವನು, ಅವಳು ಕಾಫಿಗೆ ಒಳಗೆ ಹೋದೊಡನೆ "ವರದ" ಎಂದ.

"ನನ್ ಮಗಳು ಜಯಶೀಲಂಗೆ ಪೂರಿಗಾಲಿಲಿ ಗಂಡು ಬಂದದೆ. ಕೆಂಪರಾಜು ಅಂತ. ಸೊಸೈಟಿಲಿ ಕೆಲ್ಸ. ನೀನು ಒಂದ್ಸಲ ನೋಡ್ಬುಡು ಕಣ್ಲಾ. ನೀನು ಊ ಅಂದ್ರೆ ನಂಗೆ ದೈರ್ಯ."

ಭಾನುವಾರ ಇಬ್ಬರೂ ಪೂರಿಗಾಲಿಗೆ ಹೋದರು. ಮನೆ ದೊಡ್ಡದು, ಜನ ಒಳ್ಳೆಯವರು. ಕೆಂಪರಾಜು ಕೇಳಿದ್ದಕ್ಕೆಲ್ಲ ಮೆಲ್ಲಗೆ, ಸರಿಯಾಗಿ ಉತ್ತರಿಸಿದ. ಮೇಷ್ಟ್ರಿಗೆ ಮೊದಲು ಏನೂ ಅನ್ನಿಸಲಿಲ್ಲ. ಅಷ್ಟರಲ್ಲಿ ಎಳನೀರು ಹೊತ್ತುಕೊಂಡು ಮಾದೇಶನೆಂಬ ಗೆಳೆಯ ಬಂದ. ಬಂದವನೇ ಚಾಪೆ ಸರಿಮಾಡಿದ, ಎಳನೀರು ಕೆತ್ತಿ ಕೊಟ್ಟ, ಹೆಣ್ಣಿನ ಫೋಟೋ ತಾನೇ ಮೊದಲು ನೋಡಿದ್ದೆಂದು ಹೇಳಿದ. "ನಮ್ ಕೆಂಪಂಗೆ ಏಳಿ ಮಾಡ್ಸಿದಂಗವ್ರೆ ಸಾ. ಮದ್ವೆ ಓಡಾಟ ಎಲ್ಲ ನಂದೇ" ಎಂದು ಜೋರಾಗಿ ನಕ್ಕ. ಕೆಂಪರಾಜು ತಲೆ ಎತ್ತಲಿಲ್ಲ. ಮನೆಯವರೆಲ್ಲ ಆ ಸ್ನೇಹ ನೋಡಿ ಹೆಮ್ಮೆಪಟ್ಟರು. ಆ ಉತ್ಸಾಹ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿಗಿಟ್ಟ ಎಳನೀರನ್ನು ಕೆಳಗಿಟ್ಟರು.

ಬಸ್ಸಿಗೆಂದು ನಾಲೆ ಏರಿಯ ಮೇಲೆ ನಡೆಯುವಾಗ ಸಿದ್ದರಾಜು ಕೇಳಿದ. "ಎಂಗೆ?"

"ಬೇಡ."

"ಯಾಕ್ಲಾ? ಕುಡೀತಾನಾ?"

"ಇಲ್ಲ."

"ಎಲ್ಲಾರ ಎಂಗ್ಸು ಮಡ್ಗವ್ನಾ?"

"ಹೆಂಗಸಲ್ಲ" ಎಂದರು ಮೇಷ್ಟ್ರು.

ಸಿದ್ದರಾಜು ನಿಂತ. ಹಿಂದೆ ತಿರುಗಿ ಊರಿನ ಕಡೆ ನೋಡಿದ. ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಅದು ವಯಸ್ಸಲ್ಲಿ ಇರ್ತದೆ, ಓಯ್ತದೆ. ನಾನು ಬಾಳ್ಲಿಲ್ವಾ? ನಾಕು ಮಕ್ಳು. ಯಸೋದನ್ನ ಒಂದಿನ ಗದರಿದೋನಲ್ಲ."

"ನಿನಗೆ ಹೋಯ್ತಾ?"

ಸಿದ್ದರಾಜು ಟವೆಲ್ಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಮತ್ತೆ ನಡೆಯತೊಡಗಿದ.

"ಯಶೋದಮ್ಮನ್ನ ಯಾವತ್ತಾದ್ರೂ ಕೇಳಿದೀಯಾ, ಹೇಗಿದೀಯ ಅಂತ?"

ಸಿದ್ದರಾಜುವಿನ ಮುಖ ಕೆಂಪಾಯಿತು. "ನಿಂಗೇನ್ಲಾ, ಜವಾಬ್ದಾರಿ ಇಲ್ದೆ ಒಂಟಿ ಗೂಳಿ ಇದ್ದಂಗಿದೀಯ. ಎಲ್ಲ ತಿಳ್ಕೊಂಡೇ ಮದ್ವೆ ಬುಟ್ಟೋನಂಗೆ ಮಾತಾಡ್ತೀಯ."

"ತಿಳ್ಕೊಂಡು ಬಿಟ್ಟಿದ್ದಲ್ಲ ಸಿದ್ದ. ನೀನು ವಾಪಸ್ ಬರ್ತೀಯ ಅಂತ ಕಾದೆ. ಕಾಯ್ತಾ ಕಾಯ್ತಾ ವಯಸ್ಸಾಯ್ತು."

ಆಡಿದ ಮೇಲೆ ಅವರಿಗೇ ಗಾಬರಿಯಾಯಿತು. ಸಿದ್ದರಾಜು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಸ್ಸು ಬಂತು. ಬಾಗಿಲಲ್ಲಿ ಜೋತುಬಿದ್ದಿದ್ದ ಪುಟ್ಟಮಾದಯ್ಯ, "ಬನ್ನಿ ಮೇಷ್ಟ್ರೇ, ನಿಮ್ಗೆ ಸೀಟೈತೆ. ಜೊತೇಲಿ ಯಾರು, ಸ್ನೇಯಿತ್ರಾ?" ಎಂದು ಸೀಟಿ ಊದಿದ. ಮಳವಳ್ಳಿ ಬರುವವರೆಗೂ ಮೇಷ್ಟ್ರು ಇಬ್ಬರ ಮುಖವನ್ನೂ ನೋಡದೆ ಕಿಟಕಿಯಾಚೆಯ ಕಬ್ಬನ್ನೇ ನೋಡುತ್ತ ಕುಳಿತರು.

ಸಿದ್ದರಾಜು ಆ ಸಂಬಂಧ ಬಿಟ್ಟ. ಮೇಷ್ಟ್ರು ನಕ್ಷತ್ರ ಕೂಡುವುದಿಲ್ಲ ಎಂದರು ಎಂದು ಹೇಳಿ ಕಳಿಸಿದ. ಪೂರಿಗಾಲಿಯವರು ಸುಮ್ಮನಿರಲಿಲ್ಲ. ಹೊಟ್ಟೆಕಿಚ್ಚಿನ ಒಂಟಿ ಮನುಷ್ಯ, ಕೂಡುವ ಮನೆ ಮುರಿದ ಎಂದು ಸಂತೆಯಲ್ಲೆಲ್ಲ ಆಡಿದರು. ಊರು ಮೇಷ್ಟ್ರ ಜಗಲಿಗೆ ಬರುವುದನ್ನು ಬಿಟ್ಟಿತು. ಕುಡುಕರಿಗೂ ಬಡಿಯುವವರಿಗೂ ಹೆಣ್ಣು ಸಿಗುವುದು ಸುಲಭವಾಯಿತು.

ಒಂದು ಬೆಳಗ್ಗೆ ಯಶೋದಮ್ಮ ಒಬ್ಬಳೇ ಬಂದಳು. ಅವರೆಕಾಯಿಯ ಚೀಲ ಕೆಳಗಿಟ್ಟು ಜಗಲಿಯ ಅಂಚಿನಲ್ಲಿ ಕೂತಳು.

"ಆ ಸಂಬಂದ ಯಾಕ್ ಬ್ಯಾಡ ಅಂದ್ರಿ ಮೇಷ್ಟ್ರೇ?"

ಮೇಷ್ಟ್ರು ಕೃತ್ತಿಕೆ, ವಿಶಾಖ ಎಂದೇನೋ ತಡವರಿಸಿದರು.

"ನಕ್ಸತ್ರ ಬುಡಿ. ನಂದೂ ಅವ್ರುದೂ ಬೋ ಸಂದಾಗ್ ಕೂಡಿತ್ತು" ಎಂದಳು ಯಶೋದಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಚೀಲವನ್ನು ಅವರ ಕಡೆ ಸರಿಸಿ, "ನನ್ ಮಗಳಿಗಾರ ಬ್ಯಾಡ ಅಂತ ಏಳೋಕೆ ಒಬ್ರು ಇದ್ರಲ್ಲ" ಎಂದು ಎದ್ದಳು. ಕೃತಜ್ಞತೆಯೋ, ಇಪ್ಪತ್ತು ವರ್ಷದ ಹಿಂದಿನ ಆಕ್ಷೇಪಣೆಯೋ ಮೇಷ್ಟ್ರಿಗೆ ತಿಳಿಯಲಿಲ್ಲ. ಎರಡೂ ಇರಬೇಕು. ಕಾಯಿ ಎಳೆಯದಾಗಿದೆಯೆಂದು ಗೋದಾ ಸಂತೋಷಪಟ್ಟಳು.

ಮುಂದಿನ ವರ್ಷ ಕೆಂಪರಾಜುವಿಗೆ ಮದ್ದೂರಿನ ಹೆಣ್ಣಿನೊಡನೆ ಮದುವೆಯಾಯಿತು. ಹೆಣ್ಣಿನ ತಂದೆ ಮೇಷ್ಟ್ರ ಹಳೆಯ ಶಿಷ್ಯ, ಕರೆಯೋಲೆ ಬಂದಿತ್ತು. ಗಂಡು ಹೇಗೆಂದು ಮಾತ್ರ ಅವನು ಕೇಳಿರಲಿಲ್ಲ; ಮೇಷ್ಟ್ರೂ ತಾವಾಗಿ ಹೇಳಿರಲಿಲ್ಲ. ಹೇಳಬೇಕಿತ್ತೇ ಎಂದು ಛತ್ರದ ಮೆಟ್ಟಿಲು ಹತ್ತುವವರೆಗೂ ಯೋಚಿಸಿದರು. ಧಾರೆ ಮುಗಿದಿತ್ತು. ಪಂಕ್ತಿಗಳ ನಡುವೆ ಮಾದೇಶ ಬೆವರು ಸುರಿಸುತ್ತ ಓಡಾಡುತ್ತಿದ್ದ, ಎಲ್ಲರಿಗೂ ಬಲವಂತ ಮಾಡಿ ಬಡಿಸುತ್ತಿದ್ದ.

"ನಿನ್ನ ಊಟ ಆಯ್ತೇನಪ್ಪಾ?" ಎಂದರು ಎಲೆಯ ಮುಂದೆ ಕೂತಿದ್ದ ಮೇಷ್ಟ್ರು.

"ಆಮ್ಯಾಕೆ ಸಾ, ಕೆಲ್ಸ ಐತೆ."

"ಅದು ಮುಗಿಯೋದಲ್ಲ. ಕೂತ್ಕೋ."

ಮಾದೇಶ ಅವರ ಮುಖವನ್ನೇ ದಿಟ್ಟಿಸಿದ. ಕೈಯಲ್ಲಿದ್ದ ಪಾಯಸದ ಬಕೆಟ್ಟನ್ನು ಪಕ್ಕದವನಿಗೆ ದಾಟಿಸಿ, ಮೇಷ್ಟ್ರ ಮಗ್ಗುಲಲ್ಲಿ ಕುಳಿತ. ಅನ್ನ ಕಲಸಲು ಹೋದವನು ಕೆಂಪರಾಜು ಕೂತಿದ್ದ ಮಂಟಪದ ಕಡೆ ತಿರುಗಿದ. ಮೇಷ್ಟ್ರು ಅದನ್ನು ಕಂಡೂ ಕಾಣದವರಂತೆ ಅವನ ಎಲೆಗೆ ಉಪ್ಪು ಬಡಿಸಲು ಹೇಳಿದರು.